ಬಳ್ಳಾರಿ ಜಾಲಿ ಕಿತ್ತರೆ ಕಾಡು ಬರುತ್ತದೆಯೇ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಸಣ್ಣ ಊರು. ಊರ ಮಗ್ಗುಲಲ್ಲಿ ಸುಮಾರು 40 ಎಕರೆ ಗೋಮಾಳದ ಗುಡ್ಡವಿದೆ. ಅಜ್ಜನ ಕಾಲದಲ್ಲಿ ಅಲ್ಲಿ ಕಮರ, ದಿಂಡಿಗ, ಬಾರಿ, ಕವಳಿಯಂಥ ಗಿಡಮರಗಳು ಇದ್ದವಂತೆ. ಈಗ ಕಣ್ಣಿಗೆ ಕಾಣುವುದೆಲ್ಲ ಬಳ್ಳಾರಿ ಜಾಲಿ. ಐದು ವರ್ಷದ ಹಿಂದೆ ಅಂಚಿನಲ್ಲಿ 1,000 ಸಸಿ ನೆಟ್ಟೆವು, ಉಳಿದದ್ದು ಮೂವತ್ತೂ ಇಲ್ಲ. ಈ ಸಲ ಯುವಕರೆಲ್ಲ ಸೇರಿ ಹಣ ಕೂಡಿಸಿದ್ದೇವೆ. ಜೆಸಿಬಿ ತಂದು ಜಾಲಿಯನ್ನು ಬುಡಸಮೇತ ಕಿತ್ತು, ಇದ್ದಿಲು ಮಾಡುವವರಿಗೆ ಮಾರಿ, ಮಳೆಗಾಲಕ್ಕೆ ಬೇವು, ಹೊಂಗೆ, ತೇಗ, ಗುಲ್‌ಮೊಹರ್ ಎಂದು 8,000 ಸಸಿ ನೆಡುವ ಯೋಜನೆ. ಜಾಲಿ ಆಮ್ಲಜನಕ ಕೊಡುವುದಿಲ್ಲ, ಅಂತರ್ಜಲವನ್ನೆಲ್ಲ ಹೀರುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದೇವೆ. ಆದರೆ ಕುರಿಗಾರರು ಒಪ್ಪುತ್ತಿಲ್ಲ, ಸೌದೆಗೆ ಹೋಗುವ ಹೆಂಗಸರೂ ತಕರಾರು ಮಾಡುತ್ತಿದ್ದಾರೆ. ನಮ್ಮ ಯೋಜನೆ ಸರಿಯೇ? ಈ ಬಾರಿಯೂ ಸಸಿ ಸತ್ತರೆ ಊರವರು ಇನ್ನೆಂದೂ ನಮ್ಮ ಮಾತು ಕೇಳುವುದಿಲ್ಲ.

ಉತ್ತರ: ಜಾಲಿಯನ್ನು ಹೇಗೆ ತೆಗೆಯುವುದು ಎಂಬುದು ನಿಮ್ಮ ಪ್ರಶ್ನೆ. ನನಗೆ ಕಂಡ ನಿಜವಾದ ಭಯ ಕೊನೆಯ ಸಾಲಿನಲ್ಲಿದೆ: ಇನ್ನೊಮ್ಮೆ ಸೋತರೆ ಊರು ಕೈಚೆಲ್ಲುತ್ತದೆ. ಆ ಭಯ ನ್ಯಾಯವಾದದ್ದು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಜೆಸಿಬಿಗೆ ಮುಂಗಡ ಕೊಟ್ಟಿದ್ದರೆ ಹಿಂದಕ್ಕೆ ಕೇಳಿ. ಈ ವರ್ಷ ಒಂದು ಸಸಿಯನ್ನೂ ಕೊಳ್ಳಬೇಡಿ. ಕೂಡಿಸಿದ ಹಣವನ್ನು ಸದ್ಯಕ್ಕೆ ಬ್ಯಾಂಕಿನಲ್ಲಿಡಿ. ಏಕೆಂದರೆ ನಿಮ್ಮ ಅಜ್ಜನ ಕಮರ, ದಿಂಡಿಗ ಪೂರ್ತಿ ಹೋಗಿವೆ ಎಂದು ನೀವು ನಂಬಿದ್ದೀರಿ. ಹಾಗೆ ಇರಲಿಕ್ಕಿಲ್ಲ ಎಂಬುದು ಈ ಸೀಮೆಯ ಗುಡ್ಡಗಳಲ್ಲಿ ಮೂವತ್ತು ವರ್ಷ ಓಡಾಡಿದ ನನ್ನ ಅನುಭವ.

ಮೊದಲು ಮೊಬೈಲಿನ ಮಾತುಗಳನ್ನು ಮುಗಿಸೋಣ. ಜಾಲಿ ಆಮ್ಲಜನಕ ಕೊಡುವುದಿಲ್ಲ ಎಂಬುದು ಸುಳ್ಳು. ಹಸಿರೆಲೆಯಿರುವ ಯಾವ ಗಿಡವಾದರೂ ಬಿಸಿಲಿನಲ್ಲಿ ಅದೇ ಕೆಲಸ ಮಾಡುತ್ತದೆ, ಇದೂ ಮಾಡುತ್ತದೆ. ನೀರಿನ ಮಾತು ಅರ್ಧ ನಿಜ. ಇದರ ದಾಯಾದಿಯಾದ ಮೆಸ್ಕೀಟ್ ಮರದ ಬೇರು ಅಮೆರಿಕದ ಅರಿಝೋನಾದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿದ್ದು ದಾಖಲಾಗಿದೆ. ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ ಒತ್ತೊತ್ತಾಗಿ ನಿಂತ ಜಾಲಿ ಬೇಸಿಗೆಯಲ್ಲೂ ಹಸಿರಾಗಿದ್ದುಕೊಂಡು ನೀರು ಎತ್ತುತ್ತಲೇ ಇರುತ್ತದೆ. ಅಲ್ಲಿ ಅದನ್ನು ತೆಗೆಯುವುದೇ ಸರಿ. ಆದರೆ ಎರಡು ಮೂರು ಅಡಿಗೆ ಬಂಡೆ ಸಿಗುವ ಕಲ್ಲುಗುಡ್ಡದ ಮೇಲಿನ ಕುರುಚಲು ಜಾಲಿ ನಿಮ್ಮ ಊರ ಕೊಳವೆಬಾವಿಯನ್ನು ಬರಿದು ಮಾಡಿತು ಎಂದರೆ ನಾನು ಒಪ್ಪುವುದಿಲ್ಲ. ಕೊಳವೆಬಾವಿ ಬತ್ತಿದ ಕಾರಣವನ್ನು ಗುಡ್ಡದಲ್ಲಿ ಹುಡುಕುವ ಮೊದಲು ಹೊಲಗಳಲ್ಲಿ ಹುಡುಕಬೇಕು.

ಹೆಸರಿನಲ್ಲಿ ಬಳ್ಳಾರಿ ಇದ್ದರೂ ಈ ಗಿಡ ಬಳ್ಳಾರಿಯದಲ್ಲ. ಇದರ ತವರು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಸೀಮೆ. 1870ರ ದಶಕದಲ್ಲಿ ಉರುವಲಿಗೆಂದು ಬ್ರಿಟಿಷ್ ಆಡಳಿತ ಇದರ ಬೀಜ ತರಿಸಿತು. ಮೊದಮೊದಲು ನೆಟ್ಟ ಜಾಗಗಳಲ್ಲಿ ಒಂದು ಆಂಧ್ರದ ಕಡಪ ಜಿಲ್ಲೆಯ ಕಮಲಾಪುರಂ. ದಸರೆಗೆ ನಾವು ಪೂಜಿಸುವ ಬನ್ನಿ ಮರವನ್ನೂ ಇದನ್ನೂ ಸಸ್ಯಶಾಸ್ತ್ರಜ್ಞರು ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಜಾಲಿಯನ್ನು ಬೇರ್ಪಡಿಸಿ ನೆಲ್ಟುಮ ಎಂಬ ಕುಲಕ್ಕೆ ಸೇರಿಸಿದರು, ಬನ್ನಿ ಇದ್ದಲ್ಲೇ ಉಳಿಯಿತು. ಹಾಗೆಂದು ಹೊರಗಿನಿಂದ ಬಂದದ್ದೇ ಜಾಲಿಯ ತಪ್ಪಲ್ಲ. ಸೀತಾಫಲವೂ ಅಮೆರಿಕದ್ದೇ. ಅದು ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆದಿದೆ, ದರೋಜಿ ಕರಡಿಧಾಮದ ಕರಡಿಗಳು ಅದರ ಹಣ್ಣನ್ನು ತಿನ್ನುತ್ತವೆ, ಯಾರಿಗೂ ತೊಂದರೆಯಾಗಿಲ್ಲ. ಜಾಲಿಯ ದೋಷ ಬೇರೆ: ಅದು ಒಂಟಿಯಾಗಿ ನಿಲ್ಲುವುದಿಲ್ಲ. ಬುಡದಲ್ಲೇ ಹತ್ತಾರು ಕವಲೊಡೆದು ಮುಳ್ಳಿನ ಗೋಡೆಯಾಗುತ್ತದೆ. ನೆಲದ ಮೇಲೆ ಬೆಳಕು ಬೀಳದಂತೆ ಮಾಡುತ್ತದೆ. ಉದುರಿದ ಎಲೆಯ ಸಾರವೂ ಹಲವು ಗಿಡಗಳ ಮೊಳಕೆಗೆ ಅಡ್ಡಿ. ಕೊನೆಗೆ ಹುಲ್ಲು ಸಾಯುತ್ತದೆ, ದನ ಒಳಗೆ ಹೋಗಲಾರದು, ಮನುಷ್ಯರೂ ಹೋಗಲಾರರು.

ಹಾಗಾದರೆ ಒಂದೇ ಸಲ ಕಿತ್ತುಬಿಟ್ಟರೇನು? ನಾನು ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಡೂರು ಕಡೆಯ ಒಂದು ಇಳಿಜಾರಿನಲ್ಲಿ ಹೀಗೆಯೇ ಮಾಡಿಸಿದ್ದೆ. ಯಂತ್ರ ಒಂಬತ್ತು ದಿನ ಓಡಿತು. ನೆಲ ಅಂಗೈಯಂತೆ ಚೊಕ್ಕಟವಾಯಿತು. ಮೊದಲ ಮಳೆಗೆ ಕೆಂಪು ನೀರು ಹಳ್ಳಕ್ಕೆ ಹರಿಯಿತು, ಎರಡನೆಯ ಮಳೆಗೆ ಗರಸು ಮೇಲೆದ್ದಿತು. ಆ ಹಿಂಗಾರು ಮುಗಿಯುವ ಹೊತ್ತಿಗೆ ಇಳಿಜಾರಿನ ತುಂಬ ಜಾಲಿಯ ಮೊಳಕೆ, ರಾಗಿ ಚೆಲ್ಲಿದಂತೆ. ನಾವು ನೆಟ್ಟ ಸಸಿಗಳನ್ನು ಆ ಮೊಳಕೆಗಳ ನಡುವೆ ಹುಡುಕಬೇಕಾಯಿತು. ಅದಕ್ಕಿಂತ ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ಯಂತ್ರ ಕಿತ್ತು ರಾಶಿ ಹಾಕಿದ ಬೇರುಗಳ ನಡುವೆ ತೊಡೆಗಾತ್ರದ ದಿಂಡಿಗದ ಬೇರುಗಳಿದ್ದವು, ತುಮರಿಯ ಬೇರುಗಳಿದ್ದವು. ಕತ್ತರಿಸಿದ ಕಡೆ ಹಸಿಯಾಗಿದ್ದವು. ಕಾಡು ಬೆಳೆಸಲು ಹೋದ ನಾನು ಇದ್ದ ಕಾಡನ್ನೇ ಕಿತ್ತಿದ್ದೆ.

ಏಕೆ ಹೀಗಾಗುತ್ತದೆ ಎಂದು ತಿಳಿದರೆ ಮುಂದಿನ ದಾರಿ ಸುಲಭ. ಜಾಲಿಯ ಜೀವ ಇರುವುದು ಬುಡದಲ್ಲಿ, ನೆಲಮಟ್ಟದಿಂದ ಒಂದು ಗೇಣು ಕೆಳಗಿನವರೆಗೆ. ಅಲ್ಲಿ ಮಲಗಿರುವ ಮೊಗ್ಗುಗಳು ಮೇಲಿನ ಕಾಂಡ ಕಡಿದೊಡನೆ ಎದ್ದು ಬರುತ್ತವೆ. ಒಂದು ಕಾಂಡ ಕಡಿದರೆ ಹತ್ತು. ಎರಡನೆಯದು, ಬೀಜ. ಸಿಹಿ ಕಾಯನ್ನು ಕುರಿ, ಮೇಕೆ, ದನ, ಹಂದಿ ಎಲ್ಲವೂ ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಅರಗದೆ ಗೊಬ್ಬರದ ಜೊತೆ ಹೊರಬಂದು ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕುಳಿತಿರುವ ಈ ಬೀಜಕ್ಕೆ ಬೇಕಾದದ್ದು ಬೆಳಕು ಮತ್ತು ಕೆದರಿದ ನೆಲ. ಜೆಸಿಬಿ ಇವೆರಡನ್ನೂ ಒಟ್ಟಿಗೆ ಒದಗಿಸುತ್ತದೆ.

ಈಗ ನಿಮ್ಮ 1,000 ಸಸಿಗಳ ಕಡೆ ಬರೋಣ. ಅವು ಸತ್ತದ್ದಕ್ಕೆ ನೀವು ನೀರು ಹಾಕಲಿಲ್ಲ ಎಂದು ಯಾರಾದರೂ ಬೈದಿರಬಹುದು. ಲೆಕ್ಕ ಹಾಕಿ ನೋಡಿ. 8,000 ಸಸಿಗೆ ವಾರಕ್ಕೊಮ್ಮೆ ಹತ್ತೇ ಲೀಟರ್ ಎಂದರೂ 80,000 ಲೀಟರ್, 5,000 ಲೀಟರಿನ ಟ್ಯಾಂಕರ್ ವಾರಕ್ಕೆ 16 ಸಲ ಗುಡ್ಡ ಹತ್ತಬೇಕು. ಎರಡು ಬೇಸಿಗೆ ಇದನ್ನು ನಡೆಸುವ ಊರು ನಾನು ಕಂಡಿಲ್ಲ. ಕೆಲವರು ಜಪಾನಿನ ಅಕಿರಾ ಮಿಯಾವಾಕಿ ಅವರ ಹೆಸರಿನ ದಟ್ಟ ನೆಡುತೋಪು ಮಾಡಿ ಎನ್ನಬಹುದು. ಚದರ ಮೀಟರಿಗೆ ಮೂರು ಸಸಿಯಂತೆ ನಿಮ್ಮ 40 ಎಕರೆಗೆ ಸುಮಾರು 4,85,000 ಸಸಿ ಬೇಕಾಗುತ್ತದೆ. ಶಾಲೆಯ ಅಂಗಳದ ಮೂಲೆಗೆ ಅದು ಚೆಂದ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ಕೈಕೊಡುವ ನಮ್ಮ ಗುಡ್ಡಕ್ಕೆ ಅಷ್ಟು ಮರ ಹೊರುವ ಶಕ್ತಿಯೇ ಇಲ್ಲ. ತೇಗವೂ ಬೇಡ, ತೆಳುಮಣ್ಣಿನಲ್ಲಿ ಅದು ಕೋಲಿನಂತೆ ನಿಂತುಬಿಡುತ್ತದೆ. ಗುಲ್‌ಮೊಹರ್ ರಸ್ತೆ ಬದಿಯ ಅಲಂಕಾರದ ಮರ. ಹೊಂಗೆ ಹಳ್ಳದ ಮಗ್ಗುಲಲ್ಲಿ ಬೆಳೆಯಲಿ, ಗುಡ್ಡದ ನೆತ್ತಿಗೆ ಅದನ್ನು ಎಳೆದೊಯ್ಯಬೇಡಿ.

ಪ್ಲಾಸ್ಟಿಕ್ ಚೀಲದ ಸಸಿಗೂ ಗುಡ್ಡದ ಗಿಡಕ್ಕೂ ಇರುವ ವ್ಯತ್ಯಾಸವನ್ನು ಕಮರದಲ್ಲಿ ನೋಡಬೇಕು. ಕಮರದ ಬೀಜ ಮೊಳೆತ ಮೇಲೆ ಹಲವು ವರ್ಷ ನೆಲದ ಮೇಲೆ ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. ಮಳೆಗಾಲದಲ್ಲಿ ಎರಡೆರಡು ಎಲೆ, ಬೇಸಿಗೆಗೆ ಒಣಗಿ ಕಡ್ಡಿ, ಮತ್ತೆ ಮಳೆಗೆ ಎಲೆ. ಅದೇ ಹೊತ್ತಿನಲ್ಲಿ ತಾಯಿಬೇರು ಬಂಡೆಯ ಸೀಳಿನಲ್ಲಿ ಕೆಳಕೆಳಗೆ ಇಳಿಯುತ್ತಿರುತ್ತದೆ. ತೇವ ಮುಟ್ಟಿದ ಮೇಲೆ ಗಿಡ ಒಮ್ಮೆಲೇ ಏಳುತ್ತದೆ. ಚೀಲದಲ್ಲಿ ಆರು ತಿಂಗಳು ಸುತ್ತಿಕೊಂಡ ಬೇರಿಗೆ ಈ ಕೆಲಸ ಆಗುವುದಿಲ್ಲ. ದಿಂಡಿಗದ ಕಥೆ ಇನ್ನೊಂದು. ಅದರ ಬೀಜದಲ್ಲಿ ಬಹುಪಾಲು ಜೊಳ್ಳು, ನರ್ಸರಿಯವರು ತಲೆ ಚಚ್ಚಿಕೊಳ್ಳುತ್ತಾರೆ. ಆದರೆ ಕಡಿದ ಬುಡದಿಂದ ಕಬ್ಬಿನ ಕೂಳೆಯಂತೆ ಚಿಗುರುತ್ತದೆ. ತುಮರಿ ಮತ್ತು ಮುತ್ತುಗ ಬೇರಿನಿಂದಲೇ ಹೊಸ ಗಿಡ ಹೊರಡಿಸುತ್ತವೆ. ಅಂದರೆ ನಮ್ಮ ಒಣನಾಡಿನ ಮರಗಳು ಕೊಡಲಿ, ಬೆಂಕಿ, ಮೇಕೆಯ ಬಾಯಿ ಮೂರನ್ನೂ ನೋಡಿದವು. ಅವುಗಳ ಉಳಿತಾಯವೆಲ್ಲ ನೆಲದ ಕೆಳಗಿದೆ. ನಿಮ್ಮ ಗುಡ್ಡದಲ್ಲಿ ಮೊಣಕಾಲೆತ್ತರದ ಪೊದೆ ಎಂದು ದಾಟಿ ಹೋಗುವ ಗಿಡ ನಲವತ್ತು ವರ್ಷದ ಬೇರಿನ ಮೇಲೆ ಕುಳಿತಿರಬಹುದು. ಪ್ರತಿ ವರ್ಷ ಮೇಕೆ ಕಚ್ಚುತ್ತದೆ, ಪ್ರತಿ ವರ್ಷ ಅದು ಚಿಗುರುತ್ತದೆ, ಅಷ್ಟೇ.

ಇದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಆಫ್ರಿಕಾದ ನೈಜರ್ ದೇಶ. ಆಸ್ಟ್ರೇಲಿಯಾದ ಟೋನಿ ರಿನಾಡೊ ಎಂಬ ಕೃಷಿಕಾರ್ಯಕರ್ತರು 1980ರ ದಶಕದ ಆರಂಭದಲ್ಲಿ ಅಲ್ಲಿ ಸಸಿ ನೆಟ್ಟು ನೆಟ್ಟು ಸೋತಿದ್ದರು, ಬಹುಪಾಲು ಸತ್ತಿದ್ದವು. ಒಂದು ದಿನ ದಾರಿಬದಿಯ ಕುರುಚಲನ್ನು ಬಗ್ಗಿ ನೋಡಿದಾಗ ಅದು ಪೊದೆಯಲ್ಲ, ಕಡಿದ ಮರದ ಬುಡಚಿಗುರು ಎಂದು ತಿಳಿಯಿತು. ರೈತರು ತಮ್ಮ ಹೊಲಗಳಲ್ಲಿ ಅಂಥ ಬುಡಗಳಲ್ಲಿ ಒಂದೆರಡು ಚಿಗುರನ್ನು ಉಳಿಸಿ ಮಿಕ್ಕದ್ದನ್ನು ಸವರತೊಡಗಿದರು. ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಎದ್ದವು. ನಮಗಿಂತ ಒಣ ದೇಶವದು.

ನಮ್ಮ ವೃತ್ತಿಯಲ್ಲಿ ಕಾಡನ್ನು ಬೆಳೆಸಿ ಪಾಲಿಸುವ ವಿದ್ಯೆಗೆ ಸಿಲ್ವಿಕಲ್ಚರ್ ಎನ್ನುತ್ತೇವೆ. ಹಳೆಯ ಪಾಠ ಕಟ್ಟಿಗೆಯ ಲೆಕ್ಕದ್ದು: ಒಂದೇ ಜಾತಿ, ಒಂದೇ ವಯಸ್ಸು, ಸಾಲುಸಾಲು, ಒಂದು ದಿನ ಎಲ್ಲವನ್ನೂ ಕಡಿ, ಮತ್ತೆ ನೆಡು. ಈಗ ಹಲವು ಕಡೆ ಒಪ್ಪಿಗೆಯಾಗುತ್ತಿರುವ ಪರಿಸರ ಆಧಾರಿತ ವನಪಾಲನೆ ಬೇರೆ ಪ್ರಶ್ನೆ ಕೇಳುತ್ತದೆ. ಈ ಜಾಗದಲ್ಲಿ ಕಾಡು ತಾನಾಗಿ ಹೇಗೆ ಮುರಿಯುತ್ತದೆ, ಹೇಗೆ ಮತ್ತೆ ಕೂಡಿಕೊಳ್ಳುತ್ತದೆ? ಅದನ್ನು ನೋಡಿ ನಮ್ಮ ಕೊಡಲಿಯನ್ನು ಅದಕ್ಕೆ ಹೊಂದಿಸಬೇಕು. ಹಳೆಯ ಮರ, ಟೊಳ್ಳು ಬುಡ, ಬಿದ್ದ ದಿಮ್ಮಿಯನ್ನು ಉಳಿಸಬೇಕು. ಬೇರೆ ಬೇರೆ ವರ್ಷ ಬೇರೆ ಬೇರೆ ತುಂಡಿನಲ್ಲಿ ಕೈಯಾಡಿಸಬೇಕು. ಆಗ ಒಂದೇ ಗುಡ್ಡದಲ್ಲಿ ಎಳೆಯದು, ನಡುಪ್ರಾಯದ್ದು, ಮುದಿಯದು ಎಲ್ಲವೂ ಇರುತ್ತವೆ.

ನಮ್ಮ ಸೀಮೆಗೆ ಇದು ಏಕೆ ಬೇಕೆಂದರೆ, ಇಲ್ಲಿ ಸರಾಸರಿ ಮಳೆ ಎಂಬುದು ಕಾಗದದ ಮೇಲಿನ ಮಾತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಮನೆಗಳೇ ಕುಸಿಯುವಂತೆ ಸುರಿಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಈ ಎರಡನ್ನೂ ಒಂದೇ ಜಾತಿಯ ಮರ ತಡೆದುಕೊಳ್ಳಲಿ ಎಂದು ಬಯಸುವುದು ಕಷ್ಟ. ಬರಕ್ಕೆ ಕಮರ ಎಲೆ ಉದುರಿಸಿ ಬೇರಿನಲ್ಲಿ ಉಸಿರು ಹಿಡಿದಿರುತ್ತದೆ. ಜಡಿಮಳೆಯಲ್ಲಿ ಮಣ್ಣನ್ನು ಹಿಡಿಯುವುದು ಕಮರವಲ್ಲ, ಕರಡದ ಹುಲ್ಲು, ತಂಗಡಿ, ಬಂದರಿಕೆಯಂಥ ಪೊದೆ. ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಹಕ್ಕಿಯನ್ನು ಸಾಕುವುದು ಆಲ, ಬಸರಿ, ಗೋಣಿ. ಆ ಹಕ್ಕಿ ಬೇವಿನ ಬೀಜವನ್ನೂ ಬಾರಿಯ ಬೀಜವನ್ನೂ ನಿಮ್ಮ ಗುಡ್ಡಕ್ಕೆ ತಂದು ಬಿತ್ತುತ್ತದೆ, ಕೂಲಿ ಕೇಳುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ಫೆಬ್ರವರಿ, ಮಾರ್ಚಿನಲ್ಲಿ ಒಮ್ಮೆ ಎದುರಿನ ದಿಬ್ಬದಿಂದ ಗುಡ್ಡದ ಚಿತ್ರ ತೆಗೆಯಿರಿ. ನಮ್ಮ ಮರಗಳು ಆಗ ಬೋಳಾಗಿರುತ್ತವೆ, ಹಸಿರು ಕಂಡದ್ದೆಲ್ಲ ಹೆಚ್ಚುಕಡಿಮೆ ಜಾಲಿಯೇ. ಮಳೆ ಬಿದ್ದ ಮೇಲೆ ಅದೇ ಜಾಗದಿಂದ ಇನ್ನೊಂದು ಚಿತ್ರ. ನಂತರ ಹಿರಿಯ ಕುರಿಗಾರರಿಬ್ಬರನ್ನು, ಸೌದೆಗೆ ಹೋಗುವ ಇಬ್ಬರು ಹೆಂಗಸರನ್ನು ಕರೆದುಕೊಂಡು ಗುಡ್ಡ ಹತ್ತಿ. ಗೌರವಕ್ಕಾಗಿ ಕರೆಯಿರಿ ಎನ್ನುತ್ತಿಲ್ಲ. ಯಾವ ಬುಡ ದಿಂಡಿಗ, ಯಾವುದು ಕಗ್ಗಲಿ, ಯಾವುದು ತುಮರಿ ಎಂದು ಎಲೆಯಿಲ್ಲದಾಗಲೂ ಹೇಳಬಲ್ಲವರು ಊರಿನಲ್ಲಿ ಅವರೇ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕಗಳನ್ನು ಹಗ್ಗದಿಂದ ಅಳೆಯಿರಿ. ಎಕರೆಗೆ ಅಂಥ ನಲವತ್ತು ಚೌಕ ಹಿಡಿಯುತ್ತವೆ, ಎಲ್ಲವೂ ಬೇಡ, ನೆತ್ತಿ, ಇಳಿಜಾರು, ತಪ್ಪಲು, ಹಳ್ಳ ಎಲ್ಲ ಸೇರಿ ಮೂವತ್ತು ಚೌಕ ನೋಡಿದರೆ ಸಾಕು. ಪ್ರತಿ ಚೌಕದಲ್ಲಿ ಜೀವವಿರುವ ನಾಡಮರದ ಬುಡ ಎಷ್ಟಿವೆ ಎಂದು ಎಣಿಸಿ, ಸುಣ್ಣ ಹಚ್ಚಿ. ಸರಾಸರಿ ಮೂರು ಸಿಕ್ಕರೆ ಎಕರೆಗೆ 120 ಆಯಿತು. ನಮ್ಮ ಮಳೆಗೆ ಅದು ತುಂಬಿದ ಕಾಡು. ಒಂದು ಸಿಕ್ಕರೂ ನಾನು ಸಸಿ ಕೊಳ್ಳುವುದಿಲ್ಲ.

ಕೆಲಸ ಶುರುವಾಗುವುದು ಸುಣ್ಣ ಹಚ್ಚಿದ ಆ ಬುಡಗಳಿಂದ. ಮೊದಲ ವರ್ಷ 40 ಎಕರೆಯಲ್ಲಿ ಆರೇಳು ಎಕರೆ ಮಾತ್ರ ಹಿಡಿಯಿರಿ. ಸುಣ್ಣದ ಬುಡದ ಸುತ್ತ ನಾಲ್ಕೈದು ಮೀಟರಿನೊಳಗಿನ ಜಾಲಿಯನ್ನು ತೆಗೆಯಿರಿ, ಅದಕ್ಕೆ ಬೆಳಕಿನ ಕಿಂಡಿ ತೆರೆಯಿರಿ. ತೆಗೆಯುವುದೆಂದರೆ ಗುದ್ದಲಿಯಿಂದ ಬುಡದ ಸುತ್ತ ಒಂದು ಅಡಿ ಬಿಡಿಸಿ, ಮೊಗ್ಗಿರುವ ಗಡ್ಡೆಯ ಕೆಳಗೆ ಬೇರನ್ನು ಕಡಿಯುವುದು. ಗಂಡಾಳು ದಿನಕ್ಕೆ ಹೆಚ್ಚು ಬುಡ ತೆಗೆಯಲಾರ, ಅವಸರ ಮಾಡಿಸಬೇಡಿ. ಬಂಡೆಯ ಸೀಳಿನಲ್ಲಿ ಸಿಕ್ಕ ಜಾಲಿಯನ್ನು ಅಗೆಯಲು ಆಗುವುದಿಲ್ಲ. ಅಲ್ಲಿ ಹತ್ತು ಕವಲಿನಲ್ಲಿ ನೆಟ್ಟಗಿನ ಒಂದನ್ನು ಬಿಟ್ಟು ಉಳಿದದ್ದನ್ನು ಸವರಿ, ಎತ್ತರಕ್ಕೆ ಹೋಗಲಿ. ಒಂದು ಕಾಂಡದ ಜಾಲಿ ಕೆಳಗೆ ಹುಲ್ಲಿಗೂ ಜಾಗ ಕೊಡುತ್ತದೆ, ಉರಿಬಿಸಿಲಿನಲ್ಲಿ ಎಳೆಗಿಡಕ್ಕೆ ನೆರಳೂ ಆಗುತ್ತದೆ. ನಾಡಮರ ಅದರ ತಲೆಯ ಮಟ್ಟ ಮುಟ್ಟಿದ ವರ್ಷ ಅದನ್ನೂ ತೆಗೆಯಬಹುದು. ಬುಡಕ್ಕೆ ವಿಷ ಬಳಿಯುವ ಪದ್ಧತಿ ಇದೆ, ಕುರಿ ಮೇಯುವ ಗೋಮಾಳಕ್ಕೆ ನಾನು ಅದನ್ನು ಹೇಳುವುದಿಲ್ಲ.

ದಿಂಡಿಗ, ತುಮರಿಯ ಬುಡಗಳಲ್ಲಿ ಬಂದ ಹತ್ತು ಚಿಗುರಿನಲ್ಲಿ ಮೊದಲ ವರ್ಷ ಮೂರು ನಾಲ್ಕು ಉಳಿಸಿ, ಎರಡು ವರ್ಷದ ಮೇಲೆ ಒಂದು ಅಥವಾ ಎರಡಕ್ಕೆ ಇಳಿಸಿ. ಒಮ್ಮೆಲೇ ಒಂದಕ್ಕೆ ಇಳಿಸಿದರೆ ಗಾಳಿಗೆ ಮುರಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಕಡಿದ ಜಾಲಿಯ ಮುಳ್ಳುಕೊಂಬೆ ನಿಮ್ಮ ಬೇಲಿ. ಸುಣ್ಣದ ಪ್ರತಿ ಬುಡದ ಸುತ್ತ ಅದನ್ನು ಕವಿಸಿ, ಮೇಕೆ ಬಾಯಿ ಹಾಕುವುದಿಲ್ಲ. ಉಳಿದ ಕೊಂಬೆಯನ್ನು ನೀರು ಕೊರೆದ ಸೀಳುಗಳಿಗೆ ಅಡ್ಡ ಒಡ್ಡಿ, ಅಲ್ಲಿ ಮಣ್ಣು ನಿಲ್ಲುತ್ತದೆ, ಮಣ್ಣು ನಿಂತಲ್ಲಿ ಹುಲ್ಲು. ಆದರೆ ಈ ಕಡಿತವನ್ನು ಬೇಸಿಗೆಯ ಕಾಯಿ ಹಣ್ಣಾಗುವ ಮೊದಲೇ, ಚಳಿಗಾಲದಲ್ಲಿ ಮುಗಿಸಬೇಕು. ಕಾಯಿ ಇರುವ ಕೊಂಬೆಯನ್ನು ಬೇಲಿ ಮಾಡಿದರೆ ನೀವೇ ಬಿತ್ತಿದಂತೆ. ಮುಂದಿನ ಮಳೆಗಾಲಕ್ಕೆ ಆ ಕಿಂಡಿಗಳಲ್ಲಿ ಜಾಲಿಯ ಮೊಳಕೆ ಬಂದೇ ಬರುತ್ತದೆ. ಮಣ್ಣು ಹಸಿಯಿರುವಾಗ, ಗೇಣುದ್ದದೊಳಗೆ ಇರುವಾಗ ಕೈಯಿಂದ ಕಿತ್ತರೆ ಬೇರುಸಮೇತ ಬರುತ್ತದೆ. ಈ ಕಳೆ ಕೀಳುವ ಕೆಲಸವನ್ನು ಮೂರು ಮಳೆಗಾಲ ಬಿಡದೆ ಮಾಡಬೇಕು. ಇಡೀ ಯೋಜನೆಯಲ್ಲಿ ಊರುಗಳು ಸೋಲುವುದು ಇಲ್ಲಿಯೇ. ಆರಂಭದ ದಿನ ನೂರು ಜನ ಬರುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ, ಎರಡನೆಯ ಮಳೆಗಾಲಕ್ಕೆ ನಾಲ್ವರು ಇರುತ್ತಾರೆ. ಒಂದೇ ಸಲ 40 ಎಕರೆ ಹಿಡಿಯಬೇಡಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಕಾರಣ. ನಾಲ್ವರಿಗೆ ಆರು ಎಕರೆ ಕಾಯಲು ಆಗುತ್ತದೆ.

ಬುಡಗಳೇ ಸಿಗದ ಬೋಳು ತುಂಡುಗಳಲ್ಲಿ ಬೀಜ ಬಿತ್ತಿ. ಬೇವಿನ ಬೀಜಕ್ಕೆ ಆಯುಸ್ಸು ಕೆಲವೇ ವಾರ, ಹಣ್ಣು ಉದುರಿದೊಡನೆ ಆಯ್ದು ಹಾಕಬೇಕು. ಕಮರ, ಸೀತಾಫಲ, ಬಾರಿ, ಬನ್ನಿ, ಕಗ್ಗಲಿ ಬೀಜಗಳನ್ನು ಪೊದೆಗಳ ನೆರಳಂಚಿನಲ್ಲಿ ಊರಿ. ಕಮರ ಎಲ್ಲ ವರ್ಷ ಒಂದೇ ಹದದಲ್ಲಿ ಬೀಜ ಬಿಡುವುದಿಲ್ಲ, ಬೀಜ ಬಿಟ್ಟ ವರ್ಷ ಆಯ್ದುಕೊಳ್ಳದೆ ಇರಬೇಡಿ.

ಇದರಲ್ಲೂ ಅಪಾಯವಿದೆ. ನಿಧಾನ ಎಂಬುದೇ ಮೊದಲನೆಯದು, ಮೂರು ವರ್ಷದವರೆಗೆ ಹೊರಗಿನವರಿಗೆ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಜಾಲಿ ಸರಿದ ಕಡೆ ಹುಲ್ಲು ದಟ್ಟವಾದರೆ ಮಾಘ, ಫಾಲ್ಗುಣದಲ್ಲಿ ಬೆಂಕಿಯ ಭಯ ಶುರುವಾಗುತ್ತದೆ. ಹುಲ್ಲನ್ನು ಕೊಯ್ದು ಹೊತ್ತೊಯ್ಯಲು ಬಿಡುವುದೇ ಅದಕ್ಕೆ ಒಳ್ಳೆಯ ಮದ್ದು. ಲಂಟಾನ ಇರುವ ಗುಡ್ಡವಾದರೆ ಜಾಲಿಯ ಜಾಗಕ್ಕೆ ಅದು ನುಗ್ಗಬಹುದು, ಕಣ್ಣಿಟ್ಟಿರಿ. ಏನೂ ಮಾಡದೆ ಬಿಟ್ಟರೆ? ಇನ್ನು ಹದಿನೈದು ವರ್ಷಕ್ಕೆ ಉಳಿದ ಬುಡಗಳೂ ಕತ್ತಲಲ್ಲಿ ಸಾಯುತ್ತವೆ, ಆಗ ನಾನು ಹೇಳಿದ ದಾರಿ ಮುಚ್ಚಿರುತ್ತದೆ. ಯಂತ್ರವನ್ನು ನಾನು ಒಪ್ಪುವ ಜಾಗ ಒಂದಿದೆ, ಕೆರೆಯಂಗಳ ಮತ್ತು ಕಾಲುವೆ. ಅಲ್ಲಿ ಉಳಿಸಬೇಕಾದ ಬುಡಗಳು ಕಡಿಮೆ, ಹೂಳೆತ್ತುವಾಗ ಜಾಲಿಯನ್ನೂ ಎತ್ತಬಹುದು.

ಇನ್ನು ಕುರಿಗಾರರ ತಕರಾರು. ಅವರನ್ನು ಎದುರಾಳಿ ಎಂದು ಎಣಿಸಬೇಡಿ. ಬೇಸಿಗೆಯಲ್ಲಿ ಹೊಲವೆಲ್ಲ ಒಣಗಿದಾಗ ಜಾಲಿಯ ಕಾಯಿ ಅವರ ಹಿಂಡಿಗೆ ಆಸರೆ. ಅದನ್ನು ಒಂದೇ ವಾರದಲ್ಲಿ ಇಲ್ಲವಾಗಿಸುತ್ತೇವೆ ಎಂದರೆ ಯಾರು ಒಪ್ಪುತ್ತಾರೆ? ಸೌದೆಯ ಹೆಂಗಸರದ್ದೂ ಅದೇ ಮಾತು, ಇದ್ದಿಲಿನ ಗುತ್ತಿಗೆದಾರ ಒಮ್ಮೆ ದುಡ್ಡು ಎಣಿಸಿ ಹೋಗುತ್ತಾನೆ, ಅವರ ಒಲೆಗೆ ಮರುದಿನವೂ ಸೌದೆ ಬೇಕು. ವರ್ಷಕ್ಕೆ ಆರೇಳು ಎಕರೆಯಂತೆ ತೆಗೆದರೆ ಆರು ವರ್ಷ ಸೌದೆ ಬರುತ್ತದೆ, ಕಡಿಯುವ ಕೂಲಿಯನ್ನೂ ಅವರಿಗೇ ಕೊಡಿ. ಹಿಡಿದ ತುಂಡಿಗೆ ಮಾತ್ರ ಮೂರು ಮಳೆಗಾಲ ಮೇಕೆ ಹೋಗದಂತೆ, ಉಳಿದ ಗುಡ್ಡ ತೆರೆದಿರುವಂತೆ ಮಾತಾಗಲಿ. ನಾಲ್ಕನೆಯ ವರ್ಷ ಮೊದಲ ತುಂಡನ್ನು ಕುರಿಗೆ ತೆರೆದಾಗ ಅಲ್ಲಿ ಹುಲ್ಲಿರುತ್ತದೆ. ಕಾಯಿ ತಿಂದ ಹಿಂಡನ್ನು ಆ ತುಂಡಿನೊಳಗೆ ರಾತ್ರಿ ತಂಗಿಸಬಾರದು ಎಂಬ ಒಂದು ಕಟ್ಟಳೆ ಸಾಕು.

ನೀವು ಕೇಳದ ಒಂದು ಮಾತು ಸೇರಿಸುತ್ತೇನೆ. 40 ಎಕರೆಯನ್ನೂ ಮರದಿಂದ ತುಂಬಿಸಬೇಕೆಂಬ ಆಸೆ ಬಿಡಿ. ಮಣ್ಣು ತೀರ ತೆಳುವಾಗಿರುವ ಮರಡಿಯಲ್ಲಿ ಹಿಂದೆಯೂ ಕಾಡು ಇದ್ದಿರಲಾರದು, ಹುಲ್ಲು ಮತ್ತು ಚದುರಿದ ಪೊದೆ ಇದ್ದಿರಬೇಕು. ನಮ್ಮ ಇಲಾಖೆಯ ಹಳೆಯ ಕಡತಗಳು ಅಂಥ ನೆಲವನ್ನು ಬಂಜರು ಎಂದು ಬರೆದವು, ಆ ಮಾತು ನಮ್ಮ ಬಾಯಿಗೂ ಬಂತು. ನಿಮ್ಮದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಆಗಿದೆಯಲ್ಲ, ತೋಳ ಬದುಕುವುದು ಅಂಥ ಬಯಲಿನಲ್ಲೇ. ಕೃಷ್ಣಮೃಗಕ್ಕೂ ದೂರ ಕಾಣುವ ಬಯಲೇ ಬೇಕು. ಆದ್ದರಿಂದ ಹತ್ತು ಎಕರೆ ಮರಡಿಯಲ್ಲಿ ಜಾಲಿ ತೆಗೆದು ಹುಲ್ಲನ್ನು ಕಾಯಿರಿ, ಸಸಿ ಊರಬೇಡಿ. ಅದನ್ನು ನೋಡಿ ಯಾರಾದರೂ ಖಾಲಿ ಬಿಟ್ಟಿದ್ದೀರಿ ಎಂದರೆ ಹುಲ್ಲಿನಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ತೋರಿಸಿ.

ಕಾಗದಪತ್ರದ ವಿಷಯ ಚಿಕ್ಕದಾಗಿ. ಗೋಮಾಳ ಕಂದಾಯ ಇಲಾಖೆಯ ಸ್ವತ್ತು. ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ತಹಶೀಲ್ದಾರರಿಗೂ ವಲಯ ಅರಣ್ಯಾಧಿಕಾರಿಗೂ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆದ ಮೇಲೆಯೇ ಕೊಡಲಿ ಎತ್ತಬೇಕು. ಸೌದೆ ಮಾರಿದ ಹಣ ಯಾವ ಖಾತೆಗೆ ಹೋಗಬೇಕೆಂಬುದೂ ಅದರಲ್ಲಿ ಬರೆದಿರಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನೀವು ಎಣಿಸಿದ ಬುಡಗಳ ಪಟ್ಟಿಯನ್ನು ಅದರ ದಾಖಲೆಗೆ ಸೇರಿಸಿ, ಮುಂದೆ ಯಾರಾದರೂ ಈ ಗುಡ್ಡ ಖಾಲಿ ಇದೆ ಎಂದು ಬೇರೆ ಕೆಲಸಕ್ಕೆ ಕೇಳಿದಾಗ ಆ ಪಟ್ಟಿ ಮಾತಾಡುತ್ತದೆ.

ಮುಂಗಾರಿನ ಎರಡು ಹದಮಳೆ ಆದ ಮೇಲೆ ಹತ್ತು ದಿನ ಬಿಟ್ಟು ಎಣಿಕೆಗೆ ಹೋಗಿ, ಆಗ ಚಿಗುರು ಚೆನ್ನಾಗಿ ಕಾಣುತ್ತದೆ. ಗುರುತು ಸಿಗದ ಗಿಡಗಳಿದ್ದರೆ ಎಲೆಯ ಎರಡೂ ಮುಖದ, ತೊಗಟೆಯ ಚಿತ್ರ ತೆಗೆದು ಚೌಕದ ಸಂಖ್ಯೆಯೊಡನೆ ನನಗೆ ಕಳುಹಿಸಿ. ಮೂವತ್ತು ಚೌಕಗಳ ಲೆಕ್ಕ ಬಂದ ಮೇಲೆ ಮೊದಲ ಆರು ಎಕರೆ ಎಲ್ಲಿ ಹಿಡಿಯಬೇಕೆಂದು ಕೂತು ನಿರ್ಧರಿಸೋಣ. ಅಜ್ಜ ಇನ್ನೂ ಇದ್ದರೆ ಹೊರಡುವ ಮುನ್ನ ಅವರನ್ನು ಕೇಳಿಕೊಳ್ಳಿ, ಕಮರ ಇದ್ದದ್ದು ಗುಡ್ಡದ ಯಾವ ಮಗ್ಗುಲಿಗೆ ಎಂದು. ಮೊದಲ ಚೌಕದ ಹಗ್ಗವನ್ನು ಅಲ್ಲಿಂದಲೇ ಎಳೆಯಿರಿ.